ಶಿರಸಿಯಿಂದ ಕಜಿಯಾಡೊಗೆ: ಒಂದು ಅಧ್ಯಯನ ಪ್ರವಾಸದ ವಿಮರ್ಶೆ

ಸಹಕಾರಿ ಸಂಘಗಳ ನಿರ್ದೇಶಕರು, ಗ್ರಾಮ ಪಂಚಾಯ್ತಿ ಸದಸ್ಯರು ಮತ್ತು ನನ್ನಂಥ ನಿವೃತ್ತ ನೌಕರರಿಗಾಗಿ ಶಿರಸಿಯ ಪ್ರವಾಸ ಸಂಸ್ಥೆಯೊಂದು ಕೀನ್ಯಾಕ್ಕೆ ಹತ್ತು ದಿನಗಳ ಅಧ್ಯಯನ ಪ್ರವಾಸ ಏರ್ಪಡಿಸುತ್ತದೆ. ಅಂಬೊಸೆಲಿ ಮತ್ತು ಮಸಾಯಿ ಮಾರಾದಲ್ಲಿ ವನ್ಯಜೀವಿ ವೀಕ್ಷಣೆ ಇದರಲ್ಲಿ ಇದ್ದೇ ಇದೆ. ಆದರೆ ಬೇರೆ ಸಂಸ್ಥೆಗಳ ಪಟ್ಟಿಯಲ್ಲಿ ಕಾಣದ ಒಂದು ಭಾಗವೂ ಇದೆ. ದನಗಾಹಿಗಳಾದ ಮಸಾಯಿ ಸಮುದಾಯದ ಜೋಸೆಫ್ ಓಲೆ ಲೆಂಕು ಅವರು ಗವರ್ನರ್ ಆಗಿರುವ ಕಜಿಯಾಡೊ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಮೂರು ದಿನ ಉಳಿದು, ಅಲ್ಲಿಯ ಆಸ್ಪತ್ರೆ, ರಸ್ತೆ, ಜಾನುವಾರು ಸಂತೆಗಳನ್ನು ನೋಡಿ, ಆ ಆಡಳಿತವನ್ನು ಅರಿಯುವ ಅವಕಾಶ ಅದು. ನಾನು ಹಣ ಕಟ್ಟಿದ್ದು ಆನೆಗಳಿಗಾಗಿ ಅಲ್ಲ, ಆ ಮೂರು ದಿನಗಳಿಗಾಗಿ. ಆದ್ದರಿಂದ ಈ ವಿಮರ್ಶೆಯ ಬಹುಪಾಲು ಅದರ ಬಗೆಗೇ ಇರುತ್ತದೆ.

ಕಾರಣವನ್ನೂ ಹೇಳಬೇಕು. ಜಿಲ್ಲಾ ಪಂಚಾಯ್ತಿಯ ಎಂಜಿನಿಯರಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವನು ನಾನು. ನಮ್ಮ ರಾಜ್ಯದಲ್ಲಿ ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಆ ಬಳಿಕ ಆ ಸಭಾಂಗಣಗಳಲ್ಲಿ ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳೇ ಆಡಳಿತ ನಡೆಸುತ್ತ ಬಂದುದನ್ನು ನೋಡಿದವರಿಗೆ, ಒಂದು ಜಿಲ್ಲೆಯ ಯಜಮಾನಿಕೆಯನ್ನು ಜನರೇ ನೇರವಾಗಿ ಮತ ಹಾಕಿ ಒಬ್ಬರ ಕೈಗೆ ಕೊಡುವ ವ್ಯವಸ್ಥೆ ಹೇಗಿರುತ್ತದೆ ಎಂದು ಕುತೂಹಲ ಹುಟ್ಟುವುದು ಸಹಜ.

ಮೊದಲ ಆಕ್ಷೇಪ ವಿಮಾನ ಹತ್ತುವ ಮೊದಲೇ ಹುಟ್ಟಿತು. ಸಂಸ್ಥೆಯವರು ಕೊಡುವ ಕನ್ನಡ ಕೈಪಿಡಿಯಲ್ಲಿ ಲೆಂಕು ಅವರನ್ನು ಉದ್ದಕ್ಕೂ ‘ಮಾನ್ಯ ರಾಜ್ಯಪಾಲರು’ ಎಂದು ಬರೆಯಲಾಗಿದೆ. ನಮ್ಮಲ್ಲಿ ಗವರ್ನರ್ ಎಂದರೆ ರಾಜಭವನದಲ್ಲಿರುವವರು, ರಾಷ್ಟ್ರಪತಿಯಿಂದ ನೇಮಕಗೊಂಡವರು, ಮತ ಕೇಳಲು ಯಾರ ಮನೆಯ ಅಂಗಳಕ್ಕೂ ಹೋಗಬೇಕಾಗಿಲ್ಲದವರು. ಕೀನ್ಯಾದ ಗವರ್ನರ್ ಸಂಗತಿಯೇ ಬೇರೆ. 2010ರ ಸಂವಿಧಾನವು ಆ ದೇಶವನ್ನು 47 ಕೌಂಟಿಗಳಾಗಿ ವಿಂಗಡಿಸಿತು. 2013ರ ಮಾರ್ಚ್‌ನಲ್ಲಿ ಮೊದಲ ಗವರ್ನರುಗಳು ಆಯ್ಕೆಯಾದರು. ಐದು ವರ್ಷದ ಅವಧಿ, ಒಬ್ಬರಿಗೆ ಎರಡೇ ಅವಧಿ. ರಾಷ್ಟ್ರದ ವರಮಾನದಲ್ಲಿ ಕನಿಷ್ಠ ಶೇ 15ರಷ್ಟು ಕೌಂಟಿಗಳಿಗೆ ಹೋಗಲೇಬೇಕೆಂದು ಸಂವಿಧಾನವೇ ಹೇಳುತ್ತದೆ. ಆಸ್ಪತ್ರೆಗಳು, ಕೃಷಿ ಮತ್ತು ಪಶುಪಾಲನೆ, ಕೌಂಟಿ ರಸ್ತೆಗಳು, ಪೂರ್ವ ಪ್ರಾಥಮಿಕ ಶಾಲೆಗಳು, ವೃತ್ತಿ ತರಬೇತಿ ಕೇಂದ್ರಗಳು ಕೌಂಟಿಯ ಪಾಲಿಗೆ; ಪೊಲೀಸ್, ಪ್ರಾಥಮಿಕ ಮತ್ತು ಪ್ರೌಢಶಾಲೆಗಳು, ವಿಶ್ವವಿದ್ಯಾಲಯ, ರಾಷ್ಟ್ರೀಯ ಹೆದ್ದಾರಿಗಳು ಕೇಂದ್ರದ ಪಾಲಿಗೆ. ಈ ಗಡಿರೇಖೆ ಗೊತ್ತಿಲ್ಲದೆ ಯಾವ ಗವರ್ನರ್‌ನ ಅಭಿವೃದ್ಧಿಯ ಲೆಕ್ಕವನ್ನೂ ಓದಲಾಗದು. ಅದನ್ನು ಪ್ರವಾಸಿಗೆ ಮೊದಲ ಪುಟದಲ್ಲೇ ತಿಳಿಸಬೇಕಾದ ಕೈಪಿಡಿಯು ಒಂದು ತಪ್ಪು ಪದವನ್ನು ಇಟ್ಟು ಇಡೀ ವಿಷಯವನ್ನು ಮಸುಕುಗೊಳಿಸಿದೆ.

ಈ ಕೊರತೆಯನ್ನು ತುಂಬಿಕೊಟ್ಟವರು ಸ್ಥಳೀಯ ಮಾರ್ಗದರ್ಶಿ. ಅವರು ಮಸಾಯಿ ಸಮುದಾಯದವರೇ. ನಿಧಾನವಾಗಿ ಇಂಗ್ಲಿಷ್ ಮಾತನಾಡುತ್ತಿದ್ದರು, ನಮ್ಮ ಪ್ರವಾಸ ವ್ಯವಸ್ಥಾಪಕರು ಕನ್ನಡದಲ್ಲಿ ಹೇಳುತ್ತಿದ್ದರು. ನೈರೋಬಿಯಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ದೂರದ ಕಜಿಯಾಡೊ ಪಟ್ಟಣ ತಲಪುವಷ್ಟರಲ್ಲಿ ನಮಗೆ ಬಸ್ಸಿನಲ್ಲೇ ಒಂದು ಒಳ್ಳೆಯ ಪಾಠವಾಗಿತ್ತು. ಕಜಿಯಾಡೊ ಎಂಬುದು ಮಸಾಯಿಗಳ ಮಾ ಭಾಷೆಯ ‘ಓಲ್ಕೆಜುವಾಡೊ’ ಎಂಬ ಮಾತಿನಿಂದ ಬಂದದ್ದು, ಅದಕ್ಕೆ ಉದ್ದನೆಯ ಹೊಳೆ ಎಂದರ್ಥ. ‘ಓಲೆ’ ಎಂದರೆ ಇಂಥವರ ಮಗ. ಕೌಂಟಿಯ ವಿಸ್ತಾರ ಸುಮಾರು 21,900 ಚದರ ಕಿಲೋಮೀಟರ್, ಅಂದರೆ ನಮ್ಮ ಉತ್ತರ ಕನ್ನಡದ ಎರಡು ಪಟ್ಟಿಗಿಂತಲೂ ಹೆಚ್ಚು. ಜನಸಂಖ್ಯೆ ಮಾತ್ರ 2019ರ ಗಣತಿಯಲ್ಲಿ 11,17,840. ನಮ್ಮ ಜಿಲ್ಲೆಯಲ್ಲಿ 2011ರಲ್ಲೇ 14 ಲಕ್ಷ ದಾಟಿತ್ತು. ಆ ಬಯಲಿನ ನಡುವೆ ಬಸ್ಸು ನಿಲ್ಲಿಸಿ ಇಳಿದಾಗ, ಘಟ್ಟದ ಕಾಡಿನಲ್ಲಿ ಬೆಳೆದ ಕಣ್ಣಿಗೆ ಆಸರೆಯೇ ಸಿಗುವುದಿಲ್ಲ.

ಲೆಂಕು ಅವರ ವೃತ್ತಿಜೀವನವನ್ನು ಮಾರ್ಗದರ್ಶಿ ಮುಚ್ಚುಮರೆಯಿಲ್ಲದೆ ಹೇಳಿದರು. ಅವರು ನೈರೋಬಿಯ ಉಟಾಲಿ ಕಾಲೇಜಿನಲ್ಲಿ ಹೋಟೆಲ್ ನಿರ್ವಹಣೆ ಕಲಿತು ಆ ಉದ್ಯಮದಲ್ಲೇ ಬೆಳೆದವರು. 2013ರಲ್ಲಿ ಅಧ್ಯಕ್ಷ ಉಹುರು ಕೆನ್ಯಾಟ್ಟಾ ಅವರು ದೇಶದ ಒಳಾಡಳಿತ ಖಾತೆಯನ್ನು ಇವರಿಗೆ ವಹಿಸಿದಾಗ, ಭದ್ರತೆಯ ಅನುಭವವಿಲ್ಲದವರಿಗೆ ಇದು ಏಕೆ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಅದೇ ವರ್ಷದ ಸೆಪ್ಟೆಂಬರ್ 21ರಂದು ನೈರೋಬಿಯ ವೆಸ್ಟ್‌ಗೇಟ್ ಮಳಿಗೆಯ ಮೇಲೆ ಉಗ್ರರ ದಾಳಿ ನಡೆದು 67 ಮಂದಿ ಪ್ರಾಣ ಕಳೆದುಕೊಂಡರು. 2014ರ ಡಿಸೆಂಬರ್ ಆರಂಭದಲ್ಲಿ ಮಂಡೇರಾದ ಕಲ್ಲುಗಣಿಯಲ್ಲಿ 36 ಕಾರ್ಮಿಕರ ಹತ್ಯೆಯಾದ ದಿನವೇ ಇವರ ಸ್ಥಾನಕ್ಕೆ ಇನ್ನೊಬ್ಬ ಮಸಾಯಿ ನಾಯಕ, ನಿವೃತ್ತ ಸೇನಾಧಿಕಾರಿ ಜೋಸೆಫ್ ಎನ್ಕೈಸೆರಿ ಅವರ ಹೆಸರು ಪ್ರಕಟವಾಯಿತು. ರಾಜಧಾನಿಯಲ್ಲಿ ಹಾಗೆ ಹುದ್ದೆ ಕಳೆದುಕೊಂಡ ವ್ಯಕ್ತಿ 2017ರ ಆಗಸ್ಟ್‌ನಲ್ಲಿ ತವರಿನಲ್ಲಿ ಮತ ಕೇಳಿ, ಆಗ ಅಧಿಕಾರದಲ್ಲಿದ್ದ ಮೊದಲ ಗವರ್ನರ್ ಡೇವಿಡ್ ಎನ್ಕೆಡಿಯಾನ್ಯೆ ಅವರನ್ನು ಸೋಲಿಸಿದರು. 2022ರಲ್ಲಿ ಬೇರೆ ಪಕ್ಷದಿಂದ ನಿಂತು ಮತ್ತೆ ಗೆದ್ದರು. 2027ಕ್ಕೆ ಎರಡನೆಯ ಅವಧಿ ಮುಗಿಯುತ್ತದೆ, ಮೂರನೆಯದಿಲ್ಲ. ಕೈಪಿಡಿಯಲ್ಲಿ ವೆಸ್ಟ್‌ಗೇಟ್ ಪ್ರಸ್ತಾಪವೇ ಇಲ್ಲ. ಅದನ್ನು ಬಿಟ್ಟರೆ ಈ ಮನುಷ್ಯನ ಸಾರ್ವಜನಿಕ ಜೀವನದ ಅರ್ಧ ಭಾಗ ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ಅಭಿವೃದ್ಧಿಯ ವಿಚಾರ. ಕೈಪಿಡಿಯ ‘ಗವರ್ನರ್ ಅವರ ಸಾಧನೆಗಳು’ ಎಂಬ ಪುಟದಲ್ಲಿ ಕಿಪೆಟೊ ಪವನ ವಿದ್ಯುತ್ ಘಟಕ, ನೈರೋಬಿ–ನಾಯ್ವಾಶಾ ರೈಲು ಮಾರ್ಗ ಮತ್ತು ನಮಾಂಗಾ ಹೆದ್ದಾರಿಗಳ ಬಣ್ಣದ ಚಿತ್ರಗಳಿವೆ. ಮೂರೂ ಕಣ್ಣಿಗೆ ಹಬ್ಬವೇ ಸರಿ. ಆದರೆ 60 ಗಾಳಿಯಂತ್ರಗಳ, 100 ಮೆಗಾವಾಟ್ ಸಾಮರ್ಥ್ಯದ ಕಿಪೆಟೊ ಖಾಸಗಿ ಬಂಡವಾಳದ ಘಟಕ. 2019ರಲ್ಲಿ ಓಡಾಟ ಆರಂಭಿಸಿದ ರೈಲು ರಾಷ್ಟ್ರ ಸರ್ಕಾರದ್ದು. ಹೆದ್ದಾರಿಯ ಕೆಲಸವಂತೂ ಕೌಂಟಿಗಳು ಹುಟ್ಟುವ ಮೊದಲೇ ಆರಂಭವಾದದ್ದು. ಸೀಬರ್ಡ್ ನೌಕಾನೆಲೆಯನ್ನು, ಕೈಗಾ ಅಣುಸ್ಥಾವರವನ್ನು ಕಾರವಾರದ ಜಿಲ್ಲಾ ಪಂಚಾಯ್ತಿ ಅಧ್ಯಕ್ಷರ ಸಾಧನೆ ಎಂದು ಬರೆದರೆ ಹೇಗಾದೀತೋ ಇದೂ ಹಾಗೆಯೇ. ಒಬ್ಬರ ನೆಲದಲ್ಲಿ ಆದದ್ದೆಲ್ಲ ಅವರ ಕೈಯಿಂದ ಆದದ್ದಲ್ಲ. ಮಾರ್ಗದರ್ಶಿಗೆ ಈ ಪುಟವನ್ನು ತೋರಿಸಿದಾಗ ಅವರು ಪೆನ್ನು ತೆಗೆದು ಮೂರು ಚಿತ್ರಗಳ ಕೆಳಗೂ ಸಣ್ಣ ಗೆರೆ ಎಳೆದು, ‘ಇವನ್ನು ನಾಳೆ ದಾರಿಯಲ್ಲಿ ನೋಡೋಣ, ಗವರ್ನರ್ ಅವರದನ್ನು ಇವತ್ತು ನೋಡೋಣ’ ಎಂದು ನಮ್ಮನ್ನು ಇಲ್‌ಬಿಸಿಲ್‌ನ ಜಾನುವಾರು ಸಂತೆಗೆ ಕರೆದುಕೊಂಡು ಹೋದರು.

ಆ ಸಂತೆಯೇ ಈ ಪ್ರವಾಸದ ಸಾರ. ಕೆಂಪು ಶುಕಾ ಬಟ್ಟೆ ಹೊದ್ದವರು, ಪ್ಯಾಂಟು ತೊಟ್ಟವರು, ಮೊಬೈಲಿನಲ್ಲೇ ಹಣ ಕಳುಹಿಸುವ ದಲ್ಲಾಳಿಗಳು, ಕಾಲಿನ ನಡುವೆ ನುಸುಳುವ ಮೇಕೆಗಳು. ಸಿದ್ದಾಪುರದ ಕಡೆಯ ಸಹಕಾರಿ ನಿರ್ದೇಶಕರೊಬ್ಬರು ನನ್ನ ಭುಜ ತಟ್ಟಿ ‘ಭಾವ, ನಮ್ಮ ಸೊಸೈಟಿ ಅಂಗಳದ ಹಾಂಗೇ ಇದ್ದು’ ಎಂದರು. ಅಲ್ಲಿಯೇ ನಿಂತು ಮಾರ್ಗದರ್ಶಿ ‘ಎಂಬುಜಿ ಮೋಜಾ, ಆಫ್ಯಾ ಬೋರಾ’ ಎಂಬ ಯೋಜನೆಯನ್ನು ವಿವರಿಸಿದರು. ಸ್ವಾಹಿಲಿಯ ಈ ಮಾತಿಗೆ ‘ಒಂದು ಮೇಕೆ, ಒಳ್ಳೆಯ ಆರೋಗ್ಯ’ ಎಂದರ್ಥ. ಲೆಂಕು ಅವರ ಮೊದಲ ಅವಧಿಯ ಕೆಲಸವಿದು. ರಾಷ್ಟ್ರೀಯ ಆಸ್ಪತ್ರೆ ವಿಮಾ ನಿಧಿಗೆ ಸಂಬಳವಿಲ್ಲದವರು ತಿಂಗಳಿಗೆ 500 ಶಿಲ್ಲಿಂಗ್, ವರ್ಷಕ್ಕೆ 6,000 ಶಿಲ್ಲಿಂಗ್ ಕಟ್ಟಿದರೆ ಇಡೀ ಕುಟುಂಬಕ್ಕೆ ರಕ್ಷಣೆ ಸಿಗುತ್ತಿತ್ತು. ತಿಂಗಳ ಕಂತು ದನಗಾಹಿಗೆ ಒಗ್ಗುವಂಥದ್ದಲ್ಲ. ಅವನ ಕೈಯಲ್ಲಿ ತಿಂಗಳಿಗೊಮ್ಮೆ ನಗದು ಇರುವುದಿಲ್ಲ, ಕೊಟ್ಟಿಗೆಯಲ್ಲಿ ಮೇಕೆಗಳಿರುತ್ತವೆ. ಹಾಗಾಗಿ ವರ್ಷಕ್ಕೊಮ್ಮೆ ಒಂದು ಮೇಕೆ ಮಾರಿ ಇಡೀ ವರ್ಷದ ಕಂತನ್ನು ಒಟ್ಟಿಗೆ ಕಟ್ಟಿಬಿಡಿ ಎಂದು ಗವರ್ನರ್ ಪ್ರಚಾರ ಕೈಗೊಂಡರು.

ಸಂಬಳದವರ ಲೆಕ್ಕವನ್ನು ದನಗಾಹಿಯ ಲೆಕ್ಕಕ್ಕೆ ತಿರುಗಿಸಿದ ಈ ಒಂದು ಯೋಚನೆಗಾಗಿ ನಾನು ಲೆಂಕು ಅವರಿಗೆ ಮನಸಾರೆ ಅಂಕ ಕೊಡುತ್ತೇನೆ. ನಮ್ಮಲ್ಲಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯೂ ಇದೇ ಬಗೆಯದು: ರೈತ ಬ್ಯಾಂಕಿಗೆ ಹೋಗಬೇಕಾಗಿರಲಿಲ್ಲ, ಅಡಿಕೆ ಹಾಕಿದ ಸೊಸೈಟಿಯಲ್ಲೇ ಕಂತು ಕಟ್ಟಿ ಬರುತ್ತಿದ್ದ. 2018ರಲ್ಲಿ ಅದನ್ನು ನಿಲ್ಲಿಸಿದಾಗ ಶಿರಸಿ, ಸಿದ್ದಾಪುರದ ಎಷ್ಟು ಮನೆಗಳು ಗಾಬರಿಗೊಂಡವೆಂದು ನಮಗೆಲ್ಲ ನೆನಪಿದೆ. ನಾಲ್ಕು ವರ್ಷಗಳ ಮೇಲೆ ಮತ್ತೆ ಅದು ಜಾರಿಗೆ ಬಂತು. ಕಜಿಯಾಡೊದಲ್ಲೂ ಅಂಥದ್ದೇ ನಡೆದಿದೆ. 2024ರ ಅಕ್ಟೋಬರ್‌ನಲ್ಲಿ ರಾಷ್ಟ್ರ ಸರ್ಕಾರವು ಹಳೆಯ ವಿಮಾ ನಿಧಿಯನ್ನೇ ತೆಗೆದು ಹೊಸ ಸಾಮಾಜಿಕ ಆರೋಗ್ಯ ಪ್ರಾಧಿಕಾರವನ್ನು ತಂದಿತು. ಎಲ್ಲರಿಗೂ ಒಂದೇ 500 ಶಿಲ್ಲಿಂಗ್ ಎಂಬುದು ಹೋಗಿ, ಆದಾಯದ ಶೇ 2.75ರ ಲೆಕ್ಕ ಬಂತು. ಸಂಬಳದ ಚೀಟಿಯೇ ಇಲ್ಲದ ಮನೆಯ ಆದಾಯವನ್ನು ಅಂದಾಜಿಸಿ ಕಂತು ಗೊತ್ತುಮಾಡುತ್ತಾರೆ. ಒಂದು ಮೇಕೆಗೆ ಒಂದು ವರ್ಷ ಎಂಬ ಸರಳ ಲೆಕ್ಕ ಅಲ್ಲಿಗೆ ಮುರಿಯಿತು. ಆಸ್ಪತ್ರೆಯ ಕಟ್ಟಡ, ದಾದಿಯರು, ಔಷಧಿ ಕೌಂಟಿಯ ಹೊಣೆ. ವಿಮೆಯ ಕೀಲಿಕೈ ರಾಜಧಾನಿಯಲ್ಲಿ. ಇಷ್ಟನ್ನು ಸಂತೆಯ ಧೂಳಿನಲ್ಲಿ ನಿಂತು ಅರ್ಧ ಗಂಟೆಯಲ್ಲಿ ತಿಳಿಸಿದ ಸೇವೆಗೆ ಬೆಲೆ ಕಟ್ಟಲಾಗದು.

ಎರಡನೆಯ ದಿನದ ವಿಷಯ ಭೂಮಿ. ಬ್ರಿಟಿಷರು 1904 ಮತ್ತು 1911ರ ಒಪ್ಪಂದಗಳ ಮೂಲಕ ಮಸಾಯಿಗಳನ್ನು ಅವರ ಫಲವತ್ತಾದ ನೆಲದಿಂದ ಎಬ್ಬಿಸಿ ದಕ್ಷಿಣಕ್ಕೆ ತಳ್ಳಿದರು. ಇಂದಿನ ಕಜಿಯಾಡೊ ಮತ್ತು ನಾರೊಕ್ ಕೌಂಟಿಗಳು ಆ ದಕ್ಷಿಣದ ಮೀಸಲು ಪ್ರದೇಶದ ಭಾಗಗಳು. ಸ್ವಾತಂತ್ರ್ಯಾನಂತರ 1968ರ ಕಾಯ್ದೆಯಡಿ ಗುಂಪಿನ ಹೆಸರಿನಲ್ಲಿ ಹುಲ್ಲುಗಾವಲುಗಳನ್ನು ನೋಂದಾಯಿಸಲಾಯಿತು. ಬಳಿಕ ಅವು ಒಬ್ಬೊಬ್ಬರ ಹೆಸರಿಗೆ ತುಂಡಾಗುತ್ತ, ನೈರೋಬಿಗೆ ಹತ್ತಿರದ ಕಿಟೆಂಗೆಲಾ, ಒಂಗಾಟಾ ರೊಂಗಾಯ್, ಎನ್ಗಾಂಗ್ ಕಡೆ ನಿವೇಶನಗಳಾಗಿ ಮಾರಾಟವಾದವು. ಬೇಲಿ ಬಂದಲ್ಲಿ ದನ ನಡೆಯುವುದಿಲ್ಲ, ಕಾಡುಪ್ರಾಣಿಯೂ ನಡೆಯುವುದಿಲ್ಲ. ಕಿಟೆಂಗೆಲಾದಲ್ಲಿ 2000ದಲ್ಲಿ ಸ್ವಯಂಸೇವಾ ಸಂಸ್ಥೆಗಳು ಒಂದು ಉಪಾಯ ಹೂಡಿದ್ದವು: ಬೇಲಿ ಹಾಕದೆ, ಮಾರದೆ ಇಟ್ಟ ಜಮೀನಿಗೆ ಎಕರೆಗೆ ವರ್ಷಕ್ಕೆ 4 ಡಾಲರ್, ಅದೂ ಶಾಲೆಯ ಶುಲ್ಕ ಕಟ್ಟುವ ಸಮಯಕ್ಕೆ ಸರಿಯಾಗಿ ಮೂರು ಕಂತುಗಳಲ್ಲಿ. ಮೊದಲ ಗವರ್ನರ್ ಎನ್ಕೆಡಿಯಾನ್ಯೆ ಅವರು ರಾಜಕೀಯಕ್ಕೆ ಬರುವ ಮುನ್ನ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯಲ್ಲಿದ್ದು ಈ ಬಯಲುಗಳನ್ನೇ ಅಧ್ಯಯನ ಮಾಡಿದವರು. ಅಂಥ ಸಂಶೋಧಕರನ್ನು ಸೋಲಿಸಿ ಬಂದ ಲೆಂಕು ಅವರ ದಾಖಲೆಯನ್ನು ಈ ಭೂಮಿಯ ವಿಚಾರದಲ್ಲಿ ನಾನು ಹೆಚ್ಚು ಕಟ್ಟುನಿಟ್ಟಾಗಿ ನೋಡುತ್ತೇನೆ. ಕಿಟೆಂಗೆಲಾದ ಸುತ್ತ ನಾವು ಬಸ್ಸಿನಿಂದ ಕಂಡದ್ದು ಒಂದರ ಹಿಂದೊಂದು ಬೇಲಿ, ಅರ್ಧ ಕಟ್ಟಿದ ಮನೆ, ನಿವೇಶನ ಮಾರಾಟದ ಫಲಕ. ಇದು ಒಬ್ಬರ ಅವಧಿಯಲ್ಲಿ ಆರಂಭವಾದದ್ದಲ್ಲ ಎಂಬುದು ನಿಜ. ಭೂಬಳಕೆಯ ಯೋಜನೆ ಕೌಂಟಿಯ ಅಧಿಕಾರದಲ್ಲೇ ಇದೆ ಎಂಬುದೂ ಅಷ್ಟೇ ನಿಜ.

ಯಲ್ಲಾಪುರ, ಮುಂಡಗೋಡ, ಹಳಿಯಾಳಗಳ ಗೌಳಿವಾಡಗಳನ್ನು, ಅಂದರೆ ಎಮ್ಮೆ ಸಾಕುವ ಗೌಳಿಗರ ಕೇರಿಗಳನ್ನು, ಬಲ್ಲವರಿಗೆ ಇಲ್ಲಿ ಬೇರೆ ವಿವರಣೆ ಬೇಡ. ಎಮ್ಮೆಗಳನ್ನು ಕಾಡಿಗೆ ಬಿಡಲಾಗದೆ, ಹಾಲಿನ ಕಸುಬನ್ನು ಬಿಟ್ಟು ಗೋವೆಗೆ ಕೂಲಿಗೆ ಹೋಗುವ ಹುಡುಗರನ್ನು ನಾನು ಕೆಲಸದ ದಿನಗಳಲ್ಲಿ ಎಷ್ಟೋ ಕಂಡಿದ್ದೇನೆ. ಒಂದು ವ್ಯತ್ಯಾಸವಿದೆ: ಮಸಾಯಿ ದನಗಾಹಿ ತನ್ನವನನ್ನೇ ಕೌಂಟಿಯ ಮುಖ್ಯಸ್ಥನನ್ನಾಗಿ ಆರಿಸಿ ಪ್ರಶ್ನಿಸಬಲ್ಲ. ನಮ್ಮ ಜಿಲ್ಲೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರೊಬ್ಬರು ಮೊದಲ ಬಾರಿಗೆ ಶಾಸನಸಭೆಯ ಒಳಗೆ ಕಾಲಿಟ್ಟದ್ದು 2020ರಲ್ಲಿ, ಅದೂ ವಿಧಾನ ಪರಿಷತ್ತಿಗೆ ನಾಮನಿರ್ದೇಶನದ ಮೂಲಕ.

ಕಜಿಯಾಡೊದಲ್ಲೇ ಇರುವ ಮಗಾಡಿ ಸರೋವರವನ್ನು ಕಾರ್ಯಕ್ರಮದಲ್ಲಿ ಸೇರಿಸದಿರುವುದು ಈ ಪ್ರವಾಸದ ದೊಡ್ಡ ಲೋಪ. ಒಂದು ಶತಮಾನದಿಂದ ಅಲ್ಲಿ ಗಾಜು ತಯಾರಿಕೆಗೆ ಬಳಸುವ ಸೋಡಾ ಬೂದಿ ತೆಗೆಯಲಾಗುತ್ತಿದೆ. ಈಗ ಅದನ್ನು ನಡೆಸುತ್ತಿರುವುದು ನಮ್ಮ ದೇಶದ ಟಾಟಾ ಕೆಮಿಕಲ್ಸ್‌ನ ಅಂಗಸಂಸ್ಥೆ. ಗುತ್ತಿಗೆಯ ಆ ಅಗಾಧ ಭೂಮಿಗೆ ಕಂದಾಯ ಎಷ್ಟು ಎಂಬ ಬಗ್ಗೆ ಲೆಂಕು ಅವರ ಕೌಂಟಿ ಆಡಳಿತಕ್ಕೂ ಕಂಪನಿಗೂ ವ್ಯಾಜ್ಯವಾಗಿ ಅದು ನ್ಯಾಯಾಲಯದವರೆಗೆ ಹೋಯಿತು. ಭಾರತದಿಂದ ಹೋದವರು ನೋಡಲೇಬೇಕಾದ ಜಾಗವಿದು. ದಾರಿ ಕಷ್ಟ, ಬಿಸಿಲು ಹೆಚ್ಚು ಎಂಬ ಉತ್ತರ ಬಂತು. ಬಿಸಿಲು ಅಂಕೋಲಾದಲ್ಲೂ ಇದೆ.

ಸಫಾರಿಯ ದಿನಗಳು ಚೆನ್ನಾಗಿದ್ದವು. ಕಿಲಿಮಂಜಾರೊ ಪರ್ವತ ಎರಡು ಬೆಳಗ್ಗೆ ಪೂರ್ತಿ ಕಾಣಿಸಿತು. ಆದರೆ ಪ್ರವೇಶ ಶುಲ್ಕ ಎಲ್ಲಿಗೆ ಹೋಗುತ್ತದೆ ಎಂಬ ಒಂದು ಮಾತನ್ನು ವ್ಯವಸ್ಥಾಪಕರು ಹೇಳಬೇಕಿತ್ತು. ಅಂಬೊಸೆಲಿ ಇರುವುದು ಕಜಿಯಾಡೊದಲ್ಲಿ. 1974ರಿಂದ ಅದು ರಾಷ್ಟ್ರೀಯ ಉದ್ಯಾನವಾಗಿದ್ದು, ನಡೆಸುತ್ತ ಬಂದದ್ದು ರಾಷ್ಟ್ರದ ವನ್ಯಜೀವಿ ಇಲಾಖೆ. 2005ರಲ್ಲಿ ಅದನ್ನು ಸ್ಥಳೀಯ ಆಡಳಿತಕ್ಕೆ ಮರಳಿಸುವ ಆದೇಶ ಹೊರಟು ನ್ಯಾಯಾಲಯದಲ್ಲಿ ಸಿಕ್ಕಿಕೊಂಡಿತು. ಬೇಡಿಕೆ ಮಾತ್ರ ತಣ್ಣಗಾಗಲಿಲ್ಲ. ಪಕ್ಕದ ನಾರೊಕ್‌ನಲ್ಲಿ ಮಸಾಯಿ ಮಾರಾ ಕೌಂಟಿಯದೇ ಆಸ್ತಿ. 2024ರಿಂದ ಅಲ್ಲಿ ವಿದೇಶಿಯರಿಗೆ ವರ್ಷದ ಮೊದಲ ಆರು ತಿಂಗಳು ದಿನಕ್ಕೆ 100 ಡಾಲರ್, ಉಳಿದ ಆರು ತಿಂಗಳು 200 ಡಾಲರ್ ಶುಲ್ಕ, ಅದೂ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ. ಒಬ್ಬ ಮಸಾಯಿ ಗವರ್ನರ್‌ಗೆ ಈ ವರಮಾನವಿದೆ, ಇನ್ನೊಬ್ಬರಿಗೆ ಇರಲಿಲ್ಲ. ಲೆಂಕು ಅವರನ್ನು ನಾರೊಕ್‌ನವರೊಂದಿಗೆ ಹೋಲಿಸುವವರು ಈ ವ್ಯತ್ಯಾಸವನ್ನು ಮೊದಲು ಕಳೆದು ನೋಡಬೇಕು.

ಊಟ, ವಸತಿ, ವಾಹನಗಳ ಬಗ್ಗೆ ದೂರಿಲ್ಲ. ಜೊತೆಗೆ ಬಂದ ಅಡುಗೆಯವರು ರಾತ್ರಿ ಅನ್ನ, ತಂಬುಳಿ ಮಾಡಿ ಬಡಿಸಿದರು. ಹಗಲು ಅಲ್ಲಿಯದೇ ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆ, ಸೊಪ್ಪಿನ ಪಲ್ಯ, ಚಪಾತಿ. ಚಪಾತಿ ಅಲ್ಲಿಯೂ ಚಪಾತಿಯೇ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು, ಆ ಪ್ರಮಾಣಪತ್ರ ಕೈಯಲ್ಲಿರಬೇಕು ಎಂಬುದನ್ನು ಸಂಸ್ಥೆಯವರು ಮೂರು ಬಾರಿ ನೆನಪಿಸಿದ್ದು ಮೆಚ್ಚತಕ್ಕದ್ದು. ಒಟ್ಟು ವೆಚ್ಚ ಮೂರು ಲಕ್ಷ ರೂಪಾಯಿಗೆ ಸ್ವಲ್ಪ ಕಡಿಮೆ. ‘ಗವರ್ನರ್ ಅವರೊಂದಿಗೆ ಸಂವಾದ’ ಎಂದು ಜಾಹೀರಾತಿನಲ್ಲಿ ಅಚ್ಚು ಹಾಕಿದ್ದನ್ನು ಮಾತ್ರ ಕೂಡಲೇ ತೆಗೆಯಬೇಕು. ನಮಗೆ ಸಿಕ್ಕಿದ್ದು ಕಚೇರಿಯ ಅಂಗಳದಲ್ಲಿ ಒಂದು ಗುಂಪು ಚಿತ್ರ. ಅದಕ್ಕೆ ಸಂಸ್ಥೆಯೇ ಹೊಣೆ. ಮುಂಚಿತವಾಗಿ ಸಮಯ ಕೇಳಿದ ಪತ್ರವನ್ನು ಅವರು ನಮಗೆ ತೋರಿಸಲಿಲ್ಲ.

ಇನ್ನೊಂದು ಸಲಹೆಯನ್ನು ಲಿಖಿತವಾಗಿಯೇ ಕೊಟ್ಟು ಬಂದಿದ್ದೇನೆ. ಕೀನ್ಯಾದ ಮಹಾಲೆಕ್ಕಪರಿಶೋಧಕರು ಪ್ರತಿ ಕೌಂಟಿಯ ಲೆಕ್ಕವನ್ನು ವರ್ಷವರ್ಷ ಪರಿಶೀಲಿಸಿ ವರದಿ ಪ್ರಕಟಿಸುತ್ತಾರೆ. ಮುಂಗಡಪತ್ರದ ನಿಯಂತ್ರಕರು ಮೂರು ತಿಂಗಳಿಗೊಮ್ಮೆ ಖರ್ಚಿನ ವಿವರ ಹೊರಡಿಸುತ್ತಾರೆ. ಇವುಗಳ ಎರಡು ಪುಟದ ಕನ್ನಡ ಸಾರವನ್ನು ಬಣ್ಣದ ಚಿತ್ರಗಳ ಜಾಗದಲ್ಲಿ ಹಾಕಿದರೆ, ಲೆಂಕು ಅವರ ಹತ್ತು ವರ್ಷವನ್ನು ಅಳೆಯಲು ಪ್ರವಾಸಿಯ ಕೈಗೆ ಒಂದು ಕೋಲು ಸಿಗುತ್ತದೆ. ಸಂಸ್ಥೆಯ ಮುಖ್ಯಸ್ಥರು ಬೇಸರಿಸಿಕೊಳ್ಳದೆ ‘ಹೊಸ ಪ್ರತಿಯ ಕರಡನ್ನು ನೀವೇ ಒಮ್ಮೆ ತಿದ್ದಿಕೊಡಿ ಸರ್’ ಎಂದರು. ಕರಡು ಹೋದ ವಾರ ಬಂದಿದೆ. ‘ರಾಜ್ಯಪಾಲರು’ ಇದ್ದಲ್ಲೆಲ್ಲ ‘ಚುನಾಯಿತ ಗವರ್ನರ್’ ಎಂದಾಗಿದೆ, ಗಾಳಿಯಂತ್ರದ ಚಿತ್ರ ಇನ್ನೂ ಅಲ್ಲೇ ಇದೆ. ಮುಂದಿನ ತಂಡ ಜನವರಿ ಕೊನೆಗೆ ಹೊರಡುತ್ತದೆ. ಆಗ ಮಳೆ ಕಡಿಮೆ, ಅಂಬೊಸೆಲಿಯ ಜೌಗಿನ ಸುತ್ತ ಆನೆಗಳು ಸೇರುವ ಕಾಲ, ಮಾರಾದಲ್ಲಿ ಶುಲ್ಕವೂ ಅರ್ಧ. ಪಂಚಾಯ್ತಿ ಕೆಲಸದಲ್ಲಿ ಆಸಕ್ತಿ ಇರುವವರು ಹೆಸರು ಕೊಡುವಾಗ, ಕಜಿಯಾಡೊದ ಮೂರು ದಿನಗಳನ್ನು ಕಡಿತ ಮಾಡದಂತೆ ಮತ್ತು ಇಲ್‌ಬಿಸಿಲ್ ಸಂತೆ ನಡೆಯುವ ದಿನವೇ ಅಲ್ಲಿಗೆ ಹೋಗುವಂತೆ ಮೊದಲೇ ಕೇಳಿಕೊಳ್ಳಿ.